‘ಈಗಲೇ ಯಾಕೆ ಅದು?’

ನಿನ್ನೆ ಗೆಳತಿಯ ತಾಯಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಶ್ವಾಸಕೋಶದ ಕ್ಯಾನ್ಸರ್. ಎರಡನೇ ಕೀಮೋ ಮುಗಿದಿದೆ. ಬೆನ್ನು ನೋವಿಗೆ ಮಲಗಲು ಆಗುವುದಿಲ್ಲ, ರಾತ್ರಿಯಿಡೀ ಕೂತೇ ಇರುತ್ತಾರೆ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಮೆಲ್ಲಗೆ, "ಒಂದ್ಸಲ ಪ್ಯಾಲಿಯೇಟಿವ್ ಕೇರ್‌ನವರಿಗೆ ತೋರಿಸೋಣವಾ? ನೋವು, ಸಂಕಟ ಕಡಿಮೆ ಮಾಡೋ ಆರೈಕೆ ಅದು" ಎಂದರು. ಅಷ್ಟೇ. ಗೆಳತಿಯ ಅಣ್ಣ ಎದ್ದು ನಿಂತುಬಿಟ್ಟರು. "ಅಮ್ಮನಿಗೆ ಇನ್ನೂ ಟ್ರೀಟ್‌ಮೆಂಟ್ ನಡೀತಿದೆ. ಈಗಲೇ ಯಾಕೆ ಅದು?" ಡಾಕ್ಟರ್ ಮುಂದೆ ಮಾತಾಡಲಿಲ್ಲ. ಅಮ್ಮ ದಿಂಬನ್ನು ಎದೆಗೆ ಒತ್ತಿಕೊಂಡು ಹಾಗೇ ಕೂತಿದ್ದರು.

ಮನೆಗೆ ಬಂದರೂ ಸಂಕಟ ಇಳಿಯಲಿಲ್ಲ. ಆ ಅಣ್ಣನ ಮೇಲೆ ಸಿಟ್ಟಿಲ್ಲ. ಆ ಹೆಸರು ಕೇಳಿದರೆ ಎದೆ ಧಸಕ್ ಎನ್ನುವ ಹಾಗೆ ಮಾಡಿಟ್ಟಿದ್ದೇವಲ್ಲ, ಅದರ ಮೇಲೆ ಸಿಟ್ಟು. ಎಲ್ಲ ಔಷಧಿ ಮುಗಿದ ಮೇಲೆ, "ಇನ್ನೇನೂ ಮಾಡೋಕಾಗಲ್ಲ" ಎಂದ ಮೇಲೆ ಮಾತ್ರ ಆ ಹೆಸರು ಎತ್ತಿದರೆ, ಕೇಳಿದವರಿಗೆ ಅದು ಸಾವಿನ ಸುದ್ದಿಯಂತೆಯೇ ಕೇಳುತ್ತದೆ ಅಲ್ವಾ? ಹೆದರಿ ದೂರ ಇಡುತ್ತೇವೆ. ದೂರ ಇಟ್ಟಿದ್ದರಿಂದ ಕೊನೆಗೇ ಬರುತ್ತದೆ. ಕೊನೆಗೆ ಬರುವುದರಿಂದ ಮತ್ತೆ ಹೆದರುತ್ತೇವೆ.

ಆ ಅಮ್ಮನಿಗೆ ಇರುವುದು ಎಂಥ ಕಾಯಿಲೆಯೋ, ಅಂಥದ್ದೇ ಕಾಯಿಲೆಯವರನ್ನು ಇಟ್ಟುಕೊಂಡು ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿದೆ. 2010ರಲ್ಲಿ ಪ್ರಕಟವಾಯಿತು. ಬೇರೆ ಭಾಗಗಳಿಗೂ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನ. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದೇ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್. ಕೀಮೋ ನಿಲ್ಲಿಸಿ ಅಲ್ಲ, ಜೊತೆಗೆ. ಹೀಗೆ ಎರಡೂ ಸಿಕ್ಕವರ ದಿನಗಳು ಹಗುರವಾಗಿದ್ದವು, ಖಿನ್ನತೆ ಕಡಿಮೆ ಇತ್ತು. ಕೊನೆಯ ದಿನಗಳಲ್ಲಿ ಮೈ ಹಿಂಡುವ ಚಿಕಿತ್ಸೆಗಳೂ ಕಡಿಮೆಯಾದವು. ಬದುಕಿದ್ದೂ ಜಾಸ್ತಿ: ಮಧ್ಯದ ಲೆಕ್ಕ ಹಿಡಿದರೆ 11.6 ತಿಂಗಳು, ಇನ್ನೊಂದು ಗುಂಪಿನವರು 8.9 ತಿಂಗಳು. ಎಲ್ಲ ಕಾಯಿಲೆಯಲ್ಲೂ ಆಯಸ್ಸು ಹೀಗೆ ಹೆಚ್ಚುತ್ತದೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚದಿದ್ದರೂ ನೋವಿಲ್ಲದೆ ಒಂದು ರಾತ್ರಿ ನಿದ್ದೆ ಬಂದರೆ ಅದೇನು ಸಣ್ಣದಾ?

"ಮೊದಲೇ ಆ ಮಾತು ತೆಗೆದರೆ ರೋಗಿಯ ಧೈರ್ಯ ಕುಗ್ಗುತ್ತದೆ" ಎನ್ನುತ್ತಾರೆ. ನಾನೂ ನಂಬಿದ್ದೆ. ಆದರೆ ಧೈರ್ಯ ಕುಗ್ಗಿಸುವುದು ನೋವು. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಉಸಿರು ಕಟ್ಟುವುದು. ಇನ್ನು ಜೋರು ನೋವಿಗೆ ಕೊಡುವ ಮಾರ್ಫಿನ್‌ನಿಂದ ಚಟ ಹತ್ತುತ್ತದೆ ಎಂಬ ಮಾತು. ಗೊತ್ತಿರುವವರು ನೋವು ನೋಡಿ, ಅಳೆದು ಕೊಡುವ ಔಷಧಿ ಅದು. ಮಲಬದ್ಧತೆ ಆಗುತ್ತದೆಂದು ಅದಕ್ಕೂ ಜೊತೆಯಲ್ಲೇ ಮಾತ್ರೆ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮಾಡಿದ ಮೊದಲ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಮಾರ್ಫಿನ್ ಇತ್ತು.

ಪ್ಯಾಲಿಯೇಟಿವ್ ಕೇರ್ ಕ್ಯಾನ್ಸರ್‌ಗೆ ಮಾತ್ರ ಎಂದುಕೊಂಡಿದ್ದೂ ನನ್ನ ತಪ್ಪು. ಹೃದಯ, ಶ್ವಾಸಕೋಶ, ಕಿಡ್ನಿ, ನರಗಳ ಕಾಯಿಲೆ, ಎಲ್ಲಕ್ಕೂ ಬೇಕು. ಜಗತ್ತಿನಲ್ಲಿ ಇದು ಬೇಕಿರುವವರಲ್ಲಿ ಸುಮಾರು 14% ಜನರಿಗಷ್ಟೇ ಸಿಗುತ್ತಿದೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಉಳಿದವರ ರಾತ್ರಿಗಳು ಹೇಗಿರುತ್ತವೆ ಎಂದು ನನಗೆ ಗೊತ್ತು.

ಅಪ್ಪನ ಹಾರ್ಟ್ ಫೇಲ್ಯೂರ್ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ. ಅವರಿಗೂ ಒಬ್ಬ ಡಾಕ್ಟರ್ ಪ್ಯಾಲಿಯೇಟಿವ್ ಕೇರ್ ಹೇಳಿದ್ದರು. "ಈಗಲೇ ಬೇಡ" ಎಂದವಳು ನಾನು. ಅಪ್ಪನನ್ನು ಕೇಳಲೂ ಇಲ್ಲ. ಆಮೇಲೆ ಆರು ವಾರ ಅವರು ಕುರ್ಚಿಯಲ್ಲೇ ಕೂತು, ಮೇಜಿನ ಮೇಲೆ ತಲೆಯಿಟ್ಟು ರಾತ್ರಿ ಕಳೆದರು. ಕೊನೆಗೆ ಸೋತು ನಾನೇ ಪ್ಯಾಲಿಯೇಟಿವ್ ಕೇರ್‌ನವರನ್ನು ಕರೆಸಿದೆ. ಬಂದ ನರ್ಸ್ ಮೊದಲು ಕೇಳಿದ್ದು, "ನಿಮಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡ್ತಿರೋದು ಯಾವುದು?" ಅಪ್ಪ, "ಉಸಿರು ನಿಂತುಹೋಗುತ್ತೆ ಅನ್ನೋ ಭಯ" ಎಂದರು. ಅಷ್ಟು ದಿನ ಪಕ್ಕದಲ್ಲೇ ಇದ್ದೆ. ನಾನು ಅದನ್ನು ಕೇಳಿರಲಿಲ್ಲ. ಒಂದು ಸಣ್ಣ ಫ್ಯಾನ್ ಮುಖದ ಕಡೆ ತಿರುಗಿಸಿಟ್ಟರು. ಔಷಧಿ ಬದಲಾಯಿಸಿದರು. ಉಸಿರು ಕಟ್ಟಿದಾಗ ಏನು ಮಾಡಬೇಕೆಂದು ನಮ್ಮಿಬ್ಬರಿಗೂ ಹೇಳಿಕೊಟ್ಟರು. ಹೃದಯದ ಮಾತ್ರೆಗಳು ಹಾಗೇ ಮುಂದುವರಿದವು. ಮೂರನೇ ರಾತ್ರಿ ಅಪ್ಪ ಹಾಸಿಗೆಯಲ್ಲಿ ಮಲಗಿದರು.

ಆ ಆರು ವಾರ ನಾನು ಅವರಿಂದ ಕಸಿದುಕೊಂಡೆ. ಪ್ರೀತಿಯಿಂದಲೇ ಕಸಿದುಕೊಂಡೆ, ಅದಕ್ಕೇ ಇನ್ನೂ ನೋಯುತ್ತದೆ.

ನಾಳೆ ಮತ್ತೆ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಆ ಅಣ್ಣನ ಜೊತೆ ಕೂತು ಈ ಆರು ವಾರದ ಕಥೆ ಹೇಳುತ್ತೇನೆ. ಆಮೇಲೆ, ಅವರು ಒಪ್ಪಿದರೆ, ಇಬ್ಬರೂ ಒಳಗೆ ಹೋಗಿ ಅಮ್ಮನನ್ನೇ ಕೇಳುತ್ತೇವೆ.