ಎಲಿಜೆಯ ಗದ್ದುಗೆ, ಸದನದ ತಲೆಲೆಕ್ಕ

ಕರ್ನಾಟಕದಲ್ಲಿ ಸರ್ಕಾರ ಅಲುಗಾಡಿದಾಗಲೆಲ್ಲ, ಶಾಸಕರ ಬಸ್ಸು ಯಾವುದೋ ರೆಸಾರ್ಟಿನ ಗೇಟು ದಾಟಿದಾಗಲೆಲ್ಲ ಒಂದು ಮಾತು ಹೊರಡುತ್ತದೆ: ಮುಖ್ಯಮಂತ್ರಿಯನ್ನೋ ಪ್ರಧಾನಿಯನ್ನೋ ಜನರೇ ನೇರವಾಗಿ ಆರಿಸಿಬಿಟ್ಟರೆ ಈ ರಗಳೆಯೇ ಇರುವುದಿಲ್ಲ. ಸಾಕ್ಷಿಗೆ ಅಮೆರಿಕ ಬರುತ್ತದೆ, ಅದರ ಬೆನ್ನಿಗೇ ಫ್ರಾನ್ಸ್. ಅಮೆರಿಕದ ವಿಚಾರ ಅಲ್ಲಿರುವವರು ಬರೆಯಲಿ. ಫ್ರಾನ್ಸಿನಲ್ಲಿ ತೆರಿಗೆ ಕಟ್ಟುವ ಕನ್ನಡಿಗನಾಗಿ ನನ್ನ ತಕರಾರು ಇಷ್ಟು: ಇಲ್ಲಿನ ಅಧ್ಯಕ್ಷರನ್ನು ಜನ ನೇರವಾಗಿಯೇ ಆರಿಸುತ್ತಾರೆ. ಆದರೂ 2024ರ ಸೆಪ್ಟೆಂಬರಿನಿಂದ 2025ರ ಸೆಪ್ಟೆಂಬರಿನೊಳಗೆ ಮೂವರು ಪ್ರಧಾನಿಗಳ ನೇಮಕವಾಯಿತು, ಅವರಲ್ಲಿ ಇಬ್ಬರು ಸದನದಲ್ಲೇ ಬಿದ್ದರು. ತಲೆ ಎಣಿಸುವ ಕೆಲಸ ಇಲ್ಲೂ ತಪ್ಪಿಲ್ಲ.

ಈ ವ್ಯವಸ್ಥೆಗೆ ‘ಅರೆ-ಅಧ್ಯಕ್ಷೀಯ’ ಎಂದು ಹೆಸರಿಟ್ಟು ಚಲಾವಣೆಗೆ ತಂದವರು ಫ್ರೆಂಚ್ ರಾಜ್ಯಶಾಸ್ತ್ರಜ್ಞ ಮೊರಿಸ್ ದ್ಯುವರ್ಜೆ. ಅವರು ಹೇಳಿದ ಗುರುತು ಮೂರು. ಅಧ್ಯಕ್ಷರು ಎಲ್ಲ ಮತದಾರರಿಂದ ಆಯ್ಕೆಯಾಗಬೇಕು; ಅವರ ಕೈಯಲ್ಲಿ ಗಣನೀಯ ಅಧಿಕಾರ ಇರಬೇಕು; ಅವರೆದುರು, ಸಂಸತ್ತು ಬೇಡವೆನ್ನುವ ತನಕ ಮಾತ್ರ ಉಳಿಯುವ ಪ್ರಧಾನಿ ಮತ್ತು ಸಂಪುಟ ಇರಬೇಕು. ‘ಅರೆ’ ಎಂಬ ಮಾತು ಕೇಳಿ ಅಧಿಕಾರವನ್ನು ತಕ್ಕಡಿಯಲ್ಲಿ ಸಮನಾಗಿ ತೂಗಿ ಹಂಚಿದ್ದಾರೆ ಎಂದುಕೊಂಡರೆ ಮೋಸ ಹೋದಂತೆ. ಇಲ್ಲಿರುವುದು ಪಾಳಿ. ಸದನದಲ್ಲಿ ಅಧ್ಯಕ್ಷರ ಪಕ್ಷಕ್ಕೆ ಬಹುಮತವಿದ್ದರೆ ಎಲಿಜೆ ಅರಮನೆಯಲ್ಲಿ ಕೂತ ಅಧ್ಯಕ್ಷರೇ ದೊರೆ, ಪ್ರಧಾನಿ ಅವರ ಮೇಸ್ತ್ರಿ. ಬಹುಮತ ಎದುರಾಳಿಗಳ ಪಾಲಾದರೆ ಆಳ್ವಿಕೆ ಪ್ರಧಾನಿಯ ಕಚೇರಿ ಮಾತಿನ್ಯೋಂಗೆ ದಾಟುತ್ತದೆ. ಸಂವಿಧಾನದ ಒಂದಕ್ಷರವೂ ಬದಲಾಗದೆ ಇದೆಲ್ಲ ನಡೆಯುತ್ತದೆ.

ಇಂಥ ಏರ್ಪಾಡು ಯಾಕೆ ಬೇಕಾಯಿತು? 1946ರಿಂದ 1958ರವರೆಗಿನ ನಾಲ್ಕನೇ ಗಣರಾಜ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದುಹೋದವು. ಅಲ್ಜೀರಿಯಾದ ಬಿಕ್ಕಟ್ಟು ಅದನ್ನು ಮುಗಿಸಿತು. ಜನರಲ್ ಡಿ ಗಾಲ್ 1958ರ ಸಂವಿಧಾನ ತಂದಾಗಲೂ ಅಧ್ಯಕ್ಷರ ಆಯ್ಕೆ ಜನರ ಕೈಯಲ್ಲಿರಲಿಲ್ಲ; ಸುಮಾರು 80 ಸಾವಿರ ಚುನಾಯಿತ ಪ್ರತಿನಿಧಿಗಳು ಮತ ಹಾಕುತ್ತಿದ್ದರು. 1962ರಲ್ಲಿ ಅಧ್ಯಕ್ಷರಾಗಿದ್ದ ಡಿ ಗಾಲ್ ಸಂಸತ್ತನ್ನು ಬದಿಗಿಟ್ಟು, ನೇರ ಚುನಾವಣೆ ಬೇಕೇ ಎಂದು ಜನರನ್ನೇ ಕೇಳಹೊರಟರು. ಸಿಟ್ಟಾದ ಸದನ ಪ್ರಧಾನಿ ಪೊಂಪಿದು ಸರ್ಕಾರವನ್ನು ಅವಿಶ್ವಾಸ ನಿರ್ಣಯದಿಂದ ಬೀಳಿಸಿತು. ಡಿ ಗಾಲ್ ಸದನವನ್ನೇ ವಿಸರ್ಜಿಸಿದರು. ಜನಮತಗಣನೆಯಲ್ಲಿ ಶೇ. 62ರಷ್ಟು ಮಂದಿ ಹೌದೆಂದರು. ಆಮೇಲೆ 62 ವರ್ಷ ಅವಿಶ್ವಾಸ ನಿರ್ಣಯಕ್ಕೆ ಬಿದ್ದ ಸರ್ಕಾರವಿಲ್ಲ. ಎರಡನೆಯದು 2024ರ ಡಿಸೆಂಬರ್ 4ರಂದು ಬಿದ್ದ ಮಿಶೆಲ್ ಬಾರ್ನಿಯೆ ಸರ್ಕಾರ.

ಯಾರ ಅಧಿಕಾರ ಎಷ್ಟು ಎಂದು ತಿಳಿಯಲು ಭಾಷಣ ಕೇಳಬಾರದು, ಸಹಿ ನೋಡಬೇಕು. 19ನೇ ವಿಧಿಯ ಪ್ರಕಾರ ಅಧ್ಯಕ್ಷರ ಆದೇಶಕ್ಕೆ ಪ್ರಧಾನಿಯ ಜೊತೆಸಹಿ ಬೇಕು. ಕೆಲವಕ್ಕೆ ಮಾತ್ರ ವಿನಾಯಿತಿ: ಪ್ರಧಾನಿಯ ನೇಮಕ, ಜನಮತಗಣನೆ, ಸದನದ ವಿಸರ್ಜನೆ, 16ನೇ ವಿಧಿಯ ತುರ್ತು ಅಧಿಕಾರ, ಸಂಸತ್ತಿಗೆ ಸಂದೇಶ, ಕಾಯ್ದೆಗಳು ಸಂವಿಧಾನಕ್ಕೆ ಹೊಂದುತ್ತವೆಯೇ ಎಂದು ನೋಡುವ ಸಂವಿಧಾನ ಮಂಡಳಿಗೆ ಮೂವರ ನೇಮಕ ಮತ್ತು ಅಲ್ಲಿಗೆ ಮಸೂದೆ ಒಯ್ಯುವುದು. ಉಳಿದದ್ದೆಲ್ಲ ಜಂಟಿ ಖಾತೆ ಇದ್ದ ಹಾಗೆ. ವಿಸರ್ಜನೆಗೂ ಕಡಿವಾಣವಿದೆ. ಪ್ರಧಾನಿ ಮತ್ತು ಎರಡೂ ಸದನಗಳ ಸಭಾಪತಿಗಳ ಜೊತೆ ಸಮಾಲೋಚಿಸಬೇಕು, 20ರಿಂದ 40 ದಿನದೊಳಗೆ ಚುನಾವಣೆ ಆಗಬೇಕು, ಆ ಚುನಾವಣೆಯಾದ ಮೇಲೆ ಒಂದು ವರ್ಷ ಮತ್ತೆ ವಿಸರ್ಜಿಸುವಂತಿಲ್ಲ. ಸಮಾಲೋಚನೆ ಕಡ್ಡಾಯ, ಒಪ್ಪಿಗೆ ಕಡ್ಡಾಯವಲ್ಲ.

ಸಹಿಯ ತೂಕ ನಮ್ಮಲ್ಲಿ ಹೇಗೆ, ಇಲ್ಲಿ ಹೇಗೆ ಎಂಬುದಕ್ಕೆ ಎರಡು ಪ್ರಸಂಗ ಸಾಕು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಬಿಜಾಪುರ ಜಿಲ್ಲೆಯ ಬಿ.ಡಿ. ಜತ್ತಿ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಬಂದಾಗ ಅವರು ಹಿಂಜರಿದರು, ಆದರೆ ಕೊನೆಗೆ ಸಹಿ ಹಾಕಿದರು. 42ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆ ಮೀರುವ ದಾರಿ ಅವರಿಗೆ ಇರಲೇ ಇಲ್ಲ. 1986ರ ಜುಲೈ 14ರಂದು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ, ಸರ್ಕಾರಿ ಉದ್ಯಮಗಳನ್ನು ಖಾಸಗಿಗೆ ಕೊಡುವ ಸುಗ್ರೀವಾಜ್ಞೆಗಳಿಗೆ ಸಹಿ ಹಾಕುವುದಿಲ್ಲ ಎಂದು ಟಿವಿಯಲ್ಲೇ ಹೇಳಿದರು. ಎದುರು ಪಕ್ಷದ ಪ್ರಧಾನಿ ಶಿರಾಕ್‌ಗೆ ಅಧ್ಯಕ್ಷರನ್ನು ಬಲವಂತ ಮಾಡಲಾಗಲಿಲ್ಲ. ಆದರೆ ಶಿರಾಕ್ ಅದೇ ಸರಕನ್ನು ಮಸೂದೆಯಾಗಿ ಬರೆಸಿ ಸಂಸತ್ತಿನಲ್ಲಿ ಪಾಸು ಮಾಡಿಸಿಕೊಂಡು ಬಂದರು. ಸಂಸತ್ತು ಒಪ್ಪಿದ ಕಾಯ್ದೆಗೆ 15 ದಿನದೊಳಗೆ ಅಂಕಿತ ಬೀಳಲೇಬೇಕು. ಮರುಪರಿಶೀಲನೆಗೆ ಕಳಿಸಬಹುದು, ತಡೆಹಿಡಿಯುವಂತಿಲ್ಲ. ಮಿತ್ತೆರಾಂ ಅಂಕಿತ ಹಾಕಿದರು. ಕೆಲವು ವಾರ ತಡವಾಯಿತು, ಅಷ್ಟೇ.

ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಇಂಥ ಕಾಲಕ್ಕೆ ಇಲ್ಲಿನವರು ‘ಕೊಅಬಿತಾಸಿಯೋಂ’, ಅಂದರೆ ಸಹವಾಸ, ಎನ್ನುತ್ತಾರೆ. ಮೂರು ಸಲ ಆಗಿದೆ: 1986–88, 1993–95, 1997–2002. ಮೂರನೆಯದು ಸ್ವಯಂಕೃತ. ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಶಿರಾಕ್ ಬಹುಮತ ಇದ್ದೂ ಅವಧಿಗೆ ಮುಂಚೆ ಚುನಾವಣೆ ಕರೆದು ಸೋತರು, ಸಮಾಜವಾದಿ ಜೋಸ್ಪ್ಯಾಂ ಜೊತೆ ಐದು ವರ್ಷ ಏಗಿದರು. ವಾರಕ್ಕೆ 35 ಗಂಟೆ ದುಡಿಮೆಯ ಕಾನೂನು ಬಂದದ್ದು ಆಗಲೇ, ಶಿರಾಕ್ ನೋಡುತ್ತಾ ಕೂತಿರುವಾಗ. ‘ರಾಷ್ಟ್ರದ ನೀತಿಯನ್ನು ನಿರ್ಧರಿಸಿ ನಡೆಸುವುದು ಸರ್ಕಾರ’ ಎಂದು 20ನೇ ವಿಧಿ ಹೇಳುತ್ತದೆ. ಬೇರೆ ದಿನಗಳಲ್ಲಿ ಯಾರೂ ಓದದ ಈ ಸಾಲು ಸಹವಾಸದ ದಿನಗಳಲ್ಲಿ ನಿಜವಾಗುತ್ತದೆ. ರಕ್ಷಣೆ, ವಿದೇಶಾಂಗದಲ್ಲಿ ಮಾತ್ರ ಎಳೆದಾಟ ಮುಗಿಯುವುದಿಲ್ಲ. 15ನೇ ವಿಧಿ ಅಧ್ಯಕ್ಷರನ್ನು ಸೇನೆಯ ಮುಖ್ಯಸ್ಥ ಎಂದರೆ 21ನೇ ವಿಧಿ ದೇಶರಕ್ಷಣೆಯ ಹೊಣೆಯನ್ನು ಪ್ರಧಾನಿಗೆ ಹೊರಿಸುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಇನ್ನೊಂದು ಬೆರಗಿನ ಸಂಗತಿ: ಪ್ರಧಾನಿಯನ್ನು ವಜಾ ಮಾಡುವ ಅಧಿಕಾರ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಇಲ್ಲ. ಪ್ರಧಾನಿ ರಾಜೀನಾಮೆ ತಂದುಕೊಟ್ಟರೆ ಅಂಗೀಕರಿಸಬಹುದು, ಅಷ್ಟೇ. ಹಾಗಿದ್ದೂ 1972ರಲ್ಲಿ ಪ್ರಧಾನಿ ಶಬಾಂ-ದೆಲ್ಮಾಸ್ 368–96 ಅಂತರದಲ್ಲಿ ವಿಶ್ವಾಸಮತ ಗೆದ್ದು, ಎರಡು ತಿಂಗಳೊಳಗೆ, ಆಗ ಅಧ್ಯಕ್ಷರಾಗಿದ್ದ ಪೊಂಪಿದು ಬಯಸಿದರೆಂದು ಕುರ್ಚಿ ಬಿಟ್ಟರು. ಪಕ್ಷ ಅಧ್ಯಕ್ಷರದ್ದಾದರೆ ಹೈಕಮಾಂಡ್ ಅವರೇ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ತಲೆಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಪ್ರಮಾಣವಚನದ ಬೆನ್ನಿಗೇ ‘ಬಹುಮತ ಸಾಬೀತು ಮಾಡಿ’ ಎಂಬ ಮಾತು ಬರುತ್ತದೆ. ಬೊಮ್ಮಾಯಿ ಪ್ರಕರಣದ 1994ರ ತೀರ್ಪಿನ ಮೇಲಂತೂ ಬಲಾಬಲ ತೀರ್ಮಾನ ಆಗಬೇಕಾದ್ದು ಸದನದೊಳಗೇ. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಕೊಟ್ಟ 15 ದಿನವನ್ನು ಸುಪ್ರೀಂ ಕೋರ್ಟು ಮೊಟಕು ಮಾಡಿತು. ಯಡಿಯೂರಪ್ಪ ಮೂರನೇ ದಿನಕ್ಕೇ ಮತಕ್ಕೆ ಹಾಕದೆ ಇಳಿದರು. ಫ್ರಾನ್ಸಿನಲ್ಲಿ ಆ ಪರೀಕ್ಷೆಯೇ ಇಲ್ಲ. ಅಧ್ಯಕ್ಷರು ನೇಮಿಸಿದ ಗಳಿಗೆಯಿಂದ ಆತ ಪ್ರಧಾನಿ. ಬೇಡದವರು ಬೀಳಿಸಿಕೊಳ್ಳಲಿ ಎಂಬುದು ಇಲ್ಲಿನ ತರ್ಕ. ಹಾಗಾಗಿಯೇ 577ರ ಸದನದಲ್ಲಿ ಐವತ್ತರ ಆಸುಪಾಸು ಸ್ಥಾನವಿದ್ದ ಪಕ್ಷದ ಬಾರ್ನಿಯೆ ಮೂರು ತಿಂಗಳು ಆಳಿದರು.

ಬೀಳಿಸುವ ವಿಧಾನ 49ನೇ ವಿಧಿಯಲ್ಲಿದೆ. ಹತ್ತರಲ್ಲಿ ಒಂದು ಪಾಲು, ಅಂದರೆ 58 ಸದಸ್ಯರು, ಅವಿಶ್ವಾಸ ನಿರ್ಣಯಕ್ಕೆ ಸಹಿ ಹಾಕಬೇಕು. 48 ಗಂಟೆ ಕಳೆಯದೆ ಮತದಾನವಿಲ್ಲ. ಎಣಿಸುವುದು ನಿರ್ಣಯದ ಪರವಾದ ಮತಗಳನ್ನು ಮಾತ್ರ. ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು, ಎಲ್ಲ ಸ್ಥಾನ ತುಂಬಿದ್ದರೆ 289, ಬೇಕೇ ಬೇಕು. ಗೈರಾದವರು, ತಟಸ್ಥರು, ಕಾಫಿ ಕುಡಿಯಲು ಹೋದವರು ಎಲ್ಲರೂ ಸರ್ಕಾರದ ಖಾತೆಗೆ ಜಮಾ.

ಇದೇ ಅಳತೆಯನ್ನು ಕರ್ನಾಟಕಕ್ಕೆ ಹಿಡಿದು ನೋಡಿ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105 ಮತ ಬಿದ್ದವು. ರಾಜೀನಾಮೆ ಕೊಟ್ಟವರ ಸ್ಥಾನ ಆಗ ಇನ್ನೂ ತೆರವಾಗಿರಲಿಲ್ಲವಾದ್ದರಿಂದ, ಫ್ರೆಂಚ್ ಲೆಕ್ಕದಲ್ಲಿ ಬೀಳಿಸಲು ಬೇಕಿದ್ದದ್ದು 113. ಅವಿಶ್ವಾಸ ನಿರ್ಣಯವಾಗಿದ್ದರೆ ಆ 105 ಸಾಲುತ್ತಿರಲಿಲ್ಲ. ಮುಂಬೈ ಹೋಟೆಲಿನಲ್ಲಿ ಕೂತವರು ಕೂತಲ್ಲೇ ಸರ್ಕಾರವನ್ನು ಉಳಿಸಿದಂತಾಗುತ್ತಿತ್ತು. ಆದರೆ ಕುಮಾರಸ್ವಾಮಿ ತಾವೇ ವಿಶ್ವಾಸಮತ ಕೇಳಿದ್ದರು. ವಿಶ್ವಾಸ ಕೇಳಿದಾಗ ಫ್ರಾನ್ಸಿನಲ್ಲೂ ಚಲಾವಣೆಯಾದ ಮತಗಳ ಸರಳ ಬಹುಮತವೇ ಲೆಕ್ಕ. ಬಾರ್ನಿಯೆ ನಂತರ ಬಂದ ಬೈರೂ 2025ರ ಸೆಪ್ಟೆಂಬರ್ 8ರಂದು ಹೀಗೆಯೇ, ಯಾರೂ ಒತ್ತಾಯಿಸದಿದ್ದರೂ, ತಾವಾಗಿ ವಿಶ್ವಾಸ ಕೇಳಿ 194–364ರಲ್ಲಿ ಮನೆಗೆ ಹೋದರು.

ಇನ್ನು ಹೆಸರಾಂತ 49.3, ಅಂದರೆ ಅದೇ 49ನೇ ವಿಧಿಯ ಮೂರನೇ ಕಲಮು. ಪ್ರಧಾನಿ ಎದ್ದುನಿಂತು ‘ಈ ಮಸೂದೆಗೆ ನನ್ನ ಸರ್ಕಾರವನ್ನೇ ಪಣಕ್ಕಿಡುತ್ತೇನೆ’ ಎಂದರೆ ಚರ್ಚೆ ಅಲ್ಲಿಗೆ ನಿಲ್ಲುತ್ತದೆ. 24 ಗಂಟೆಯೊಳಗೆ ಅವಿಶ್ವಾಸ ನಿರ್ಣಯ ಮಂಡನೆಯಾಗಿ ಗೆಲ್ಲದಿದ್ದರೆ ಮಸೂದೆ ಮತವೇ ಇಲ್ಲದೆ ಪಾಸು. ನಮ್ಮಲ್ಲಿ ವಿಪ್ ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ, ಏಕೆಂದರೆ ಫ್ರೆಂಚ್ ಸಂಸದ ಪಕ್ಷದ ವಿರುದ್ಧ ಮತ ಹಾಕಿದರೆ ಸ್ಥಾನ ಹೋಗುವುದಿಲ್ಲ. ಹೀಗೇ ಮತ ಹಾಕು ಎಂಬ ಕಟ್ಟಪ್ಪಣೆಯನ್ನೇ 27ನೇ ವಿಧಿ ಅಸಿಂಧು ಎನ್ನುತ್ತದೆ; ಪಕ್ಷಾಂತರ ನಿಷೇಧ ಕಾಯ್ದೆಯ ಮಾತೇ ಇಲ್ಲ. ಬಹುಮತ ಇಲ್ಲದ ಪ್ರಧಾನಿ ರೊಕಾರ್ ಇದನ್ನು 28 ಸಲ ಪ್ರಯೋಗಿಸಿದರು. 2008ರ ತಿದ್ದುಪಡಿಯ ನಂತರ ಬಜೆಟ್, ಸಾಮಾಜಿಕ ಭದ್ರತೆಯ ಹಣಕಾಸು ಬಿಟ್ಟರೆ ಒಂದು ಅಧಿವೇಶನಕ್ಕೆ ಒಂದೇ ಮಸೂದೆಗೆ ಬಳಸಬಹುದು. ಹಾಗಿದ್ದೂ ಪ್ರಧಾನಿ ಬೋರ್ನ್ 23 ಸಲ ಬಳಸಿದರು. 2023ರ ಮಾರ್ಚಿನಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದ್ದೂ ಹೀಗೆಯೇ. ಅವಿಶ್ವಾಸಕ್ಕೆ 287 ಬೇಕಿತ್ತು, 278 ಬಿದ್ದವು. ಸಂಸದರಿಗಂತೂ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ: ಜನ ಬೈಯುವ ಮಸೂದೆಗೆ ಕೈ ಎತ್ತುವ ಪಾಡು ತಪ್ಪಿತು. ನನಗೆ ಈ ಅಸ್ತ್ರ ಹಿಡಿಸುವುದಿಲ್ಲ. ಆದರೆ ವಿಪ್ ತೋರಿಸಿ ಚರ್ಚೆಯಿಲ್ಲದೆ ಹತ್ತು ನಿಮಿಷದಲ್ಲಿ ಮಸೂದೆ ಮುಗಿಸುವ ನಮ್ಮ ಪದ್ಧತಿಗಿಂತ ಇದು ಕೀಳು ಎನ್ನಲು ಬಾಯಿ ಬರುವುದಿಲ್ಲ. ಇಲ್ಲಿ ಪ್ರತಿ ಸಲವೂ ಸರ್ಕಾರ ತಲೆ ಕೊಡಬೇಕು. ಬಾರ್ನಿಯೆ ಕೊಟ್ಟರು. ಸಾಮಾಜಿಕ ಭದ್ರತೆಯ ಮಸೂದೆಗೆ 49.3 ಹೂಡಿದ ಎರಡೇ ದಿನಕ್ಕೆ 331 ಮತಗಳು ಅವರನ್ನು ಕೆಳಗಿಳಿಸಿದವು. ವರ್ಷದ ಕೊನೆಗೆ ಬಜೆಟ್ಟೇ ಇಲ್ಲದೆ, ತೆರಿಗೆ ವಸೂಲಿ ನಿಲ್ಲದಿರಲೆಂದು ವಿಶೇಷ ಕಾಯ್ದೆ ತರಬೇಕಾಯಿತು.

ಸಹವಾಸದ ಕಿರಿಕಿರಿ ತಪ್ಪಿಸಲು ಫ್ರೆಂಚರು ಮದ್ದು ಹುಡುಕದೆ ಇರಲಿಲ್ಲ. 2000ದ ಜನಮತಗಣನೆಯಲ್ಲಿ ಅಧ್ಯಕ್ಷರ ಅವಧಿಯನ್ನು ಏಳರಿಂದ ಐದು ವರ್ಷಕ್ಕೆ ಇಳಿಸಿದರು. 2002ರಿಂದ ಮೊದಲು ಅಧ್ಯಕ್ಷರ ಚುನಾವಣೆ, ಅದರ ಮರುತಿಂಗಳು ಸದನದ್ದು. ಗೆದ್ದವರ ಅಲೆಯಲ್ಲೇ ಸದನವೂ ಬರಲಿ ಎಂಬ ಎಣಿಕೆ. ನಾಲ್ಕು ಚುನಾವಣೆ ಹಾಗೇ ನಡೆಯಿತು. 2022ರಲ್ಲಿ ಮ್ಯಾಕ್ರಾನ್ ಗೆದ್ದರು, ಅವರ ಬಣ ಬಹುಮತ ಮುಟ್ಟಲಿಲ್ಲ. 2024ರ ಜೂನ್ 9ರಂದು ಸದನ ವಿಸರ್ಜಿಸಿದರು. ಬಂದದ್ದು ಮೂರು ಹೋಳು, ಅತಿ ದೊಡ್ಡ ಬಣಕ್ಕೂ 200 ದಾಟಲಿಲ್ಲ. ಸಹವಾಸ ಮಾಡೋಣವೆಂದರೆ ಎದುರಿಗೂ ಬಹುಮತ ಇಲ್ಲ. ಪಠ್ಯದಲ್ಲಿ ಇಲ್ಲದ ಸ್ಥಿತಿ ಇದು. 2025ರ ಅಕ್ಟೋಬರಿನಲ್ಲಿ, ಬೈರೂ ನಂತರ ಪ್ರಧಾನಿಯಾದ ಲೆಕೊರ್ನ್ಯೂ ಸಂಪುಟದ ಪಟ್ಟಿ ಹೊರಬಿದ್ದ ಮರುದಿನವೇ ರಾಜೀನಾಮೆ ಕೊಟ್ಟು, ನಾಲ್ಕು ದಿನದ ಮೇಲೆ ಮತ್ತೆ ನೇಮಕವಾದರು. 49.3 ಬಳಸುವುದಿಲ್ಲ, ನಿವೃತ್ತಿ ವಯಸ್ಸಿನ ಏರಿಕೆಯನ್ನು ತಡೆಹಿಡಿಯುತ್ತೇನೆ ಎಂದು ಸಮಾಜವಾದಿಗಳನ್ನು ಒಲಿಸಿಕೊಂಡರು. ಅವಿಶ್ವಾಸಕ್ಕೆ 271 ಬಿದ್ದವು, 18 ಕಡಿಮೆ. ನೇರವಾಗಿ ಗೆದ್ದ ಅಧ್ಯಕ್ಷರ ಮುಖ್ಯ ಸುಧಾರಣೆಯೇ ಒಂದು ಸಣ್ಣ ಬಣದ ಬೆಂಬಲಕ್ಕೆ ಕೊಟ್ಟ ಬೆಲೆ.

ಫ್ರಾನ್ಸಿನದು ಈ ಪದ್ಧತಿಯ ಸೌಮ್ಯ ತಳಿ ಎನ್ನಬೇಕು. ಪ್ರಧಾನಿ ಅಧ್ಯಕ್ಷರಿಗೂ ಸಂಸತ್ತಿಗೂ ಇಬ್ಬರಿಗೂ ಆಳಾಗುವ ಉಗ್ರ ತಳಿ ಬೇರೆ ಇದೆ. 1919ರ ಜರ್ಮನಿಯ ವೈಮಾರ್ ಸಂವಿಧಾನದಲ್ಲಿ ಚಾನ್ಸಲರನ್ನು ಅಧ್ಯಕ್ಷರೂ ತೆಗೆಯಬಹುದಿತ್ತು, ಸದನವೂ ತೆಗೆಯಬಹುದಿತ್ತು. 1930ರ ನಂತರ ಬಹುಮತ ಕೂಡದೆ 48ನೇ ವಿಧಿಯ ತುರ್ತು ಆಜ್ಞೆಗಳಲ್ಲೇ ಆಡಳಿತ ನಡೆಯಿತು, 1933 ಬಂತು, ಹಿಟ್ಲರ್ ಬಂದ. ನಮ್ಮ ಮಗ್ಗುಲಲ್ಲೇ ಶ್ರೀಲಂಕಾ ಇದೆ. 2003ರಲ್ಲಿ ಪ್ರಧಾನಿ ರನಿಲ್ ವಿಕ್ರಮಸಿಂಘೆ ವಾಷಿಂಗ್ಟನ್‌ನಲ್ಲಿದ್ದಾಗ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ರಕ್ಷಣೆ ಸೇರಿ ಮೂರು ಖಾತೆ ಕಿತ್ತುಕೊಂಡರು. 2018ರಲ್ಲಿ ಅಧ್ಯಕ್ಷ ಸಿರಿಸೇನ ಅದೇ ರನಿಲ್‌ರನ್ನು ವಜಾ ಮಾಡಿ ಸಂಸತ್ತನ್ನೇ ವಿಸರ್ಜಿಸಿದರು. ನಾಲ್ಕೂವರೆ ವರ್ಷ ತುಂಬದೆ ವಿಸರ್ಜನೆ ಸಲ್ಲದೆಂದು ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ‘ಗಟ್ಟಿ ನಾಯಕ ಬೇಕು’ ಎನ್ನುವವರು ಪ್ಯಾರಿಸ್ಸಿಗಿಂತ ಮೊದಲು ಕೊಲಂಬೊ ಕಡೆ ನೋಡುವುದು ಒಳ್ಳೆಯದು.

ಎರವಲು ತರುವುದೇ ಆದರೆ ನಾನು ಗದ್ದುಗೆಯನ್ನು ಬಿಟ್ಟು 23ನೇ ವಿಧಿಯನ್ನು ಆರಿಸುತ್ತೇನೆ. ಮಂತ್ರಿಯಾದವರು ಸಂಸದರಾಗಿ ಉಳಿಯುವಂತಿಲ್ಲ. ಒಂದು ತಿಂಗಳಲ್ಲಿ ಸ್ಥಾನ ಬದಲಿ ಸದಸ್ಯರಿಗೆ ಹೋಗುತ್ತದೆ. ಮಂತ್ರಿಗಿರಿ ಮುಗಿದ ತಿಂಗಳಿಗೆ ಹಳೆಯ ಸ್ಥಾನ ವಾಪಸು. ಉಪಚುನಾವಣೆಯ ಖರ್ಚಿಲ್ಲ. 2019ರಲ್ಲಿ ರಾಜೀನಾಮೆ ಕೊಟ್ಟು ಡಿಸೆಂಬರಿನ ಉಪಚುನಾವಣೆಯಲ್ಲಿ ಮತ್ತೆ ಗೆದ್ದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಶಾಸಕತ್ವ, ಮಂತ್ರಿಗಿರಿ ಎರಡೂ ಒಟ್ಟಿಗೆ ಸಿಗುವಂತಿಲ್ಲದಿದ್ದರೆ ಆ ವ್ಯಾಪಾರದ ಲಾಭನಷ್ಟ ಬೇರೆಯೇ ಆಗುತ್ತಿತ್ತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34 ಮಂತ್ರಿಗಳವರೆಗೆ ಅವಕಾಶವಿದೆ, ಅಂದರೆ 34 ಬದಲಿ ಶಾಸಕರು. ಫ್ರಾನ್ಸಿನಲ್ಲಿ ಬದಲಿ ಸದಸ್ಯರ ಹೆಸರು ಅಭ್ಯರ್ಥಿಯ ಹೆಸರಿನ ಕೆಳಗೆ ಮತಪತ್ರದಲ್ಲೇ ಅಚ್ಚಾಗಿರುತ್ತದೆ. ನಮ್ಮಲ್ಲಿ ಆ ಎರಡನೇ ಹೆಸರು ಮಗನದೋ ಸೊಸೆಯದೋ ಆಗದಂತೆ ತಡೆಯುವ ಕಲಮನ್ನೂ ಜೊತೆಗೇ ಬರೆಯಬೇಕಾದೀತು.