ಮೂರನೇ ಮಹಡಿಯ ದೋಣಿ

ಬೆಂಗಳೂರಿಗೆ ಹೊಳೆಯಿಲ್ಲ. ವೃಷಭಾವತಿ ಇದೆಯಲ್ಲ ಅನ್ನುವವರು ಮೈಸೂರು ರಸ್ತೆಯಲ್ಲಿ ಒಮ್ಮೆ ಕಾರಿನ ಗಾಜು ಇಳಿಸಿ ನೋಡಲಿ. ಇಂಥ ಊರಲ್ಲಿ, ಗಿರಿನಗರದ ಮೂರನೇ ಮಹಡಿಯ ನಮ್ಮ ಮನೆಗೆ ತಂಗಿಯ ಮಗ ಕಯಾಕ್ ತಂದಿದ್ದಾನೆ. ಎಂಟೂವರೆ ಅಡಿಯ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದೋಣಿ. ಲಿಫ್ಟಿನಲ್ಲಿ ನಿಲ್ಲಿಸಿದರೆ ತಲೆ ತಾಗುತ್ತದೆ, ಓರೆ ಮಾಡಿದರೆ ಬಾಗಿಲು ಮುಚ್ಚುವುದಿಲ್ಲ. ಮೆಟ್ಟಿಲೇ ಗತಿ.

ನೊರೆಯುಕ್ಕಿ ಧುಮುಕುವ ಹೊಳೆಗಳಿಗೆ ಒಂದರಿಂದ ಆರರವರೆಗೆ ದರ್ಜೆ ಇದೆ. "ಆರು ಅಂದ್ರೆ ಜೀವದ ಆಸೆ ಬಿಟ್ಟೇ ಇಳೀಬೇಕು ಮಾವ" ಅಂದ. ನಮ್ಮ ಎರಡನೇ ಮಹಡಿಯ ತಿರುವಿಗೆ ಧಾರಾಳವಾಗಿ ಐದು ಕೊಡಬಹುದು. ತುಳಸಿ ಕುಂಡ, ಚಪ್ಪಲಿ ಸ್ಟ್ಯಾಂಡು, ಮಗುವಿನ ಸೈಕಲ್ಲು ಎಲ್ಲ ದಾಟಿದೆವು ಅನ್ನುವಾಗ ದೋಣಿಯ ಮೂತಿ ಆ ಮಹಡಿಯವರ ಮನೆಯ ಬೆಲ್ ಒತ್ತಿಬಿಟ್ಟಿತು. ಬಾಗಿಲು ತೆರೆದ ಅಜ್ಜಿ, "ಯಾರು ಬೇಕಿತ್ತು?" ಎಂದು ದೋಣಿಯನ್ನೇ ಕೇಳಿದರು.

ನೀರು ಒಳನುಗ್ಗದಂತೆ ಸೊಂಟಕ್ಕೆ ರಬ್ಬರಿನ ಸ್ಪ್ರೇ ಸ್ಕರ್ಟ್ ಹಾಕಿ, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿಯುತ್ತಾರೆ. ಅದು ಬಾಲ್ಕನಿಯಲ್ಲಿ ಒಣಗುತ್ತಿದ್ದುದನ್ನು ಕಂಡ ಎದುರು ಮನೆಯಾಕೆ ನನ್ನವಳನ್ನು ವಿಚಾರಿಸಿದರು: "ಹುಡುಗನಿಗೆ ಹೆಣ್ಣು ನೋಡ್ತಿದೀವಿ ಅಂದ್ರಿ, ಆಗ್ಲೇ ಮದುವೆ ಮಾಡಿಬಿಟ್ರಾ?"

ಮಳೆ ಹಿಡಿದ ಮೇಲೆ ಅವನ ಕಾಟ ಶುರು. ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿ ಬಳಿ ಚಾಲಿಪ್ಪುಳ ಹೊಳೆಯಿದೆ, ನೀವೂ ಬನ್ನಿ ಎಂದು. ನಮ್ಮನ್ನು ಕಾರಿನಲ್ಲಿ ಕೂರಿಸಿ, ಹಗ್ಗವನ್ನು ಕಿಟಕಿಗಳೊಳಗಿಂದ ಹಾಯಿಸಿ ದೋಣಿಯನ್ನು ಮೇಲೆ ಬಿಗಿದ. ದೋಣಿ ಅಲ್ಲಾಡಲಿಲ್ಲ. ಬಾಗಿಲುಗಳೂ ಅಲ್ಲಾಡಲಿಲ್ಲ. ಆಮೇಲೆ ತಾನು ಕಿಟಕಿಯಿಂದ ತೂರಿಕೊಂಡು ಸ್ಟಿಯರಿಂಗ್ ಹಿಡಿದ.

ಗುಂಡ್ಲುಪೇಟೆ ಆಚೆಯ ಮದ್ದೂರು ಚೆಕ್‌ಪೋಸ್ಟ್ (ವಡೆಯ ಮದ್ದೂರಲ್ಲ, ಅಷ್ಟು ಅದೃಷ್ಟವೆಲ್ಲಿ) ಮುಟ್ಟುವಾಗ ಒಂಬತ್ತು ದಾಟಿತ್ತು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂಡೀಪುರದೊಳಗೆ ಬಿಡುವುದಿಲ್ಲ. ಗಾರ್ಡ್ ಟಾರ್ಚ್ ಬಿಟ್ಟು "ಎಲ್ರೂ ಕೆಳಗಿಳೀರಿ" ಅಂದ. "ಆಗಲ್ಲಪ್ಪ" ಅಂದೆ. ಇದನ್ನು ಅವನು ದರ್ಪ ಅಂದುಕೊಂಡ. ಗಂಟು ಬಿಚ್ಚಿ ಮುಗಿಯುವಷ್ಟರಲ್ಲಿ ಪಾಪ, ಅವನೂ ಬೆವೆತಿದ್ದ.

ಬೆಳಗ್ಗೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು ಇಳಿದು ಚಾಲಿಪ್ಪುಳದ ದಡದ ಪುಲಿಕ್ಕಯಂ ಸೇರಿದೆವು. 2013ರಲ್ಲಿ ಶುರುವಾದ ಮಲಬಾರ್ ರಿವರ್ ಫೆಸ್ಟಿವಲ್ ದೆಸೆಯಿಂದ ಈ ಹೊಳೆ ವಿದೇಶದ ಕಯಾಕಿಗರಿಗೂ ಪರಿಚಿತ. ದಡದಲ್ಲಿ ಕೊಡೆ ಹಿಡಿದ ಊರಿನವರು ಕ್ರಿಕೆಟ್ ನೋಡುವವರ ಗತ್ತಿನಲ್ಲಿ ಆಟಗಾರರ ತಪ್ಪು ಎಣಿಸುತ್ತಿದ್ದರು.

ನಮ್ಮವನು ಮೊದಲ ಇಳಿಜಾರಿಗೇ ಮಗುಚಿದ. ತಲೆ ನೀರಲ್ಲಿ, ದೋಣಿಯ ಹೊಟ್ಟೆ ಆಕಾಶಕ್ಕೆ. "ಅಯ್ಯೋ ಮಂಜುನಾಥಾ!" ಎಂದು ಇವಳು ಚೀರುವಷ್ಟರಲ್ಲಿ ಹುಟ್ಟು ಬೀಸಿ, ಸೊಂಟ ತಿರುವಿ ಎದ್ದು ಕೂತ. ಆದರೆ ಆ ಗಾಬರಿಯಲ್ಲಿ ಇವಳ ಕಾಲು, ಬಂಡೆ ಮೇಲೆ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಹೊಳೆಗೆ ತಳ್ಳಿತ್ತು.

ದೊಡ್ಡ ಬಂಡೆಗಳ ಹಿಂದೆ ನೀರು ಹಿಂದಕ್ಕೆ ಸುತ್ತುವ ಜಾಗವಿರುತ್ತದೆ. ಕಯಾಕಿಗರು ದಣಿವಾರಿಸಿಕೊಳ್ಳಲು ಅಲ್ಲಿ ಹೊಕ್ಕುತ್ತಾರೆ. ಎಡಗಾಲಿನ ಚಪ್ಪಲಿಗೆ ಈ ವಿದ್ಯೆ ಗೊತ್ತಿತ್ತು. ಅಳಿಯ ಹೋಗಿ ಎತ್ತಿಕೊಂಡು ಬಂದ. ಬಲಗಾಲಿನದು ಇರುವಂಜಿಪ್ಪುಳ, ಚಾಲಿಯಾರ್ ಮಾರ್ಗವಾಗಿ ಅರಬ್ಬಿ ಸಮುದ್ರಕ್ಕೆ ಹೊರಟಿತು.

ಕೋಡಂಚೇರಿಯ ಅಂಗಡಿಯಲ್ಲಿ ಇವಳು ಒಂದೇ ಚಪ್ಪಲಿ ಕೊಡಿ, ಬಲಗಾಲಿನದು ಸಾಕು ಅಂತ ಹಟ ಹಿಡಿದಳು. ಅಂಗಡಿಯವನು ಮಲಯಾಳದಲ್ಲಿ ಏನೇನೋ ಬೇಡಿಕೊಂಡ. ಇವಳು ಕನ್ನಡದಲ್ಲೇ ನೂರಿಪ್ಪತ್ತಕ್ಕೆ ಇಳಿಸಿದಳು, ಒಂದು ಕಾಲಿಗೆ.