"ಟೀಚಾ, ನೀವು ಯಾವಾಗ ಹೋಗೋದು?"

ಲಾವೋಸ್‌ನ ಲುವಾಂಗ್ ಪ್ರಬಾಂಗ್ ಊರಿನ ಫೋಟೋ ಹಾಕಿದ ದಿನದಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಮಾತು. "ಅಕ್ಕಾ, ಆ ಕೆಲಸ ನಮಗೂ ಸಿಗುತ್ತಾ? ಒಂದಿಷ್ಟು ದಿನ ಪಾಠ, ಆಮೇಲೆ ರಜೆ, ದೇಶ ಸುತ್ತೋದು, ಎಂಥಾ ಲೈಫು!" ಒಬ್ಬೊಬ್ಬರಿಗೂ ಬರೆದು ಸಾಕಾಯಿತು. ಇಲ್ಲೇ ಒಟ್ಟಿಗೆ ಬರೆಯುತ್ತೇನೆ. ಸ್ವಲ್ಪ ಉದ್ದವಿದೆ, ಸ್ವಲ್ಪ ಖಾರವೂ ಇದೆ.

ನಾನಿರುವುದು ಥಾಯ್ಲೆಂಡ್‌ನ ಉಡೊನ್ ಥಾನಿ ಪ್ರಾಂತ್ಯದಲ್ಲಿ. ಬೀಚ್ ಇಲ್ಲ, ಬೆಟ್ಟವೂ ಅಷ್ಟಕ್ಕಷ್ಟೇ. ಸುತ್ತ ಭತ್ತದ ಗದ್ದೆ. ಈ ಭಾಗಕ್ಕೆ ಈಸಾನ್ ಅಂತಾರೆ, ನಮ್ಮ ಈಶಾನ್ಯದ ಮೂಲವೂ ಅದೇ ಪದ, ದಿಕ್ಕೂ ಅದೇ. ಇಲ್ಲಿ ಇಂಗ್ಲಿಷ್ ಟೀಚರ್ ನಾನು. ಸರ್ಕಾರಿ ಹೈಸ್ಕೂಲು, ಕ್ಲಾಸಿಗೆ ನಲವತ್ತರ ಮೇಲೆ ಮಕ್ಕಳು, ವಾರಕ್ಕೆ 22 ಪೀರಿಯಡ್ಡು. ಬೆಳಗ್ಗೆ 8ಕ್ಕೆ ಧ್ವಜ ಏರುತ್ತದೆ, ರಾಷ್ಟ್ರಗೀತೆ ಆಗುತ್ತದೆ, ಆಮೇಲೆ ಬಿಸಿಲಲ್ಲೇ ಯಾರಾದರೂ ಒಬ್ಬರು ಮೈಕ್ ಹಿಡಿದು ತುಂಬಾ ಹೊತ್ತು ಮಾತಾಡುತ್ತಾರೆ. ಮಕ್ಕಳ ಅಡ್ಡಹೆಸರು ಐಸ್, ಬ್ಯಾಂಕ್, ಗಾಲ್ಫ್, ಬೀರ್. "ಬೀರ್, ಸುಮ್ನೆ ಕೂತ್ಕೋ" ಅಂತ ಗದರುವಾಗ ಮೊದಲ ತಿಂಗಳು ನನಗೇ ನಗು ತಡೆಯುತ್ತಿರಲಿಲ್ಲ.

ಇಲ್ಲಿ ಟೀಚರ್‌ಗೆ ಕ್ರೂ ಅಂತಾರೆ, ಅದು ಗುರು. ಕಾಲೇಜಿನವರಿಗೆ ಆಚಾನ್, ಅದು ಆಚಾರ್ಯ. ಪಾಠ ಮಾಡಲು ಲೈಸೆನ್ಸ್ ಕೊಡುವ ಸಂಸ್ಥೆಯ ಹೆಸರು ಖುರುಸಫಾ, ಅಂದರೆ ಗುರುಸಭಾ. ಇಷ್ಟೆಲ್ಲ ನಮ್ಮದೇ ಪದಗಳಿವೆ ಅಂತ ಹಿಗ್ಗಿ ಹೋದೆ. ಆಮೇಲೆ ಗೊತ್ತಾಯಿತು, ಓದಿದ್ದೆಲ್ಲ ಇಂಗ್ಲಿಷ್‌ನಲ್ಲೇ ಆದರೂ ನಾನು 'ನಾನ್ ನೇಟಿವ್', ಹಾಗಾಗಿ ಟೊಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು 990ಕ್ಕೆ ಕನಿಷ್ಠ 600 ತೋರಿಸಬೇಕು. ತೋರಿಸಿದೆ. ಅದೇ ಸ್ಟಾಫ್ ರೂಮಿನಲ್ಲಿ, ಅದೇ ಪಾಠಕ್ಕೆ, ಇನ್ನೊಂದು ಬಣ್ಣದ ಪಾಸ್‌ಪೋರ್ಟ್ ಇದ್ದವನಿಗೆ ನನಗಿಂತ ಎಂಟು ಸಾವಿರ ಬಾತ್ ಜಾಸ್ತಿ ಸಂಬಳ ಅಂತಲೂ ಗೊತ್ತಾಯಿತು. ಅದರ ಬಗ್ಗೆ ಬೇರೆ ದಿನ ಬರೆಯುತ್ತೇನೆ, ಇವತ್ತು ಬರೆದರೆ ಕೋಪದಲ್ಲಿ ದಾರಿ ತಪ್ಪುತ್ತೇನೆ.

ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ನಾನೂ ರಜೆ ನೋಡಿಯೇ ಬಂದವಳು. ಕೆಲಸಕ್ಕೆ ಅರ್ಜಿ ಹಾಕುವ ಮೊದಲು ನೋಡಿದ್ದು ಸಿಲಬಸ್ ಅಲ್ಲ, ಕ್ಯಾಲೆಂಡರ್. ಮೇ 16ಕ್ಕೆ ಶಾಲೆ ಶುರು, ಅಕ್ಟೋಬರ್ 11ಕ್ಕೆ ಮೊದಲ ಟರ್ಮ್ ಮುಗಿಯಿತು, ನವೆಂಬರ್ 1ಕ್ಕೆ ಮತ್ತೆ ಶುರು. ಕಾಗದದ ಮೇಲೆ ಏಪ್ರಿಲ್ 1ರವರೆಗೆ ಶಾಲೆ, ಆದರೆ ಪರೀಕ್ಷೆ ಮಾರ್ಚ್ ಮೊದಲ ವಾರಗಳಲ್ಲೇ ಮುಗಿದು ಹೋಗುತ್ತದೆ. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ, ಮಲೇಷ್ಯಾ ಅಂತ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದ್ದೆ. ಮಕ್ಕಳ ಹೆಸರು ಬರೆಯುವ ಮೊದಲೇ ದೇಶಗಳ ಹೆಸರು ಬರೆದಿದ್ದೆ ಅಂದುಕೊಳ್ಳಿ.

ಆ ರಜೆಯ ಕಥೆ ಕೇಳಿ. ಮಾರ್ಚ್, ಏಪ್ರಿಲ್ ಅಂದರೆ ಇಲ್ಲಿ ವರ್ಷದಲ್ಲೇ ಕೆಟ್ಟ ಸೆಕೆ. ಚಿಯಾಂಗ್ ಮಾಯ್‌ಗೆ ಹೋದರೆ ತಂಪಿರುತ್ತದೆ ಅಂತ ಯಾರೋ ಹೇಳಿದರು, ರಾತ್ರಿ ರೈಲು ಹತ್ತಿದೆ. ಬೆಳಗ್ಗೆ ಇಳಿದರೆ ಊರೆಲ್ಲ ಹೊಗೆ. ಕಾಡಿಗೆ ಬೆಂಕಿ, ಗದ್ದೆಗೆ ಬೆಂಕಿ, ಪ್ರತಿ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದೇ ಪಾಡು. ಊರಿನ ಬೆನ್ನಿಗೇ ದೊಯ್ ಸುಥೆಪ್ ಅನ್ನುವ 1,676 ಮೀಟರ್ ಬೆಟ್ಟವಿದೆ, ಮೂರು ದಿನ ಇದ್ದೆ, ಆ ಬೆಟ್ಟವನ್ನು ಪೋಸ್ಟ್‌ಕಾರ್ಡ್‌ನಲ್ಲಿ ಮಾತ್ರ ನೋಡಿದೆ. ಮೂಗಿನಿಂದ ಕಪ್ಪು ಬಂತು. ಆ ಫೋಟೋ ನಾನು ಹಾಕಿರಲಿಲ್ಲ, ಅಲ್ವಾ.

ದುಡ್ಡಿನ ವಿಷಯ ಇನ್ನೂ ಚೆನ್ನಾಗಿದೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಶಾಲೆಯಲ್ಲ, ನಡುವೆ ಒಬ್ಬ ಏಜೆಂಟ್. ಕಾಂಟ್ರಾಕ್ಟ್ ಹತ್ತು ತಿಂಗಳದ್ದು. ನಾನು ಅದನ್ನು 'ಎರಡು ತಿಂಗಳು ರಜೆ' ಅಂತ ಓದಿಕೊಂಡೆ. ಅವನು ಅದನ್ನು 'ಎರಡು ತಿಂಗಳು ಸಂಬಳವಿಲ್ಲ' ಅಂತ ಬರೆದಿದ್ದ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು.

ಇನ್ನು ಅಕ್ಟೋಬರ್. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಈ ಪೋಸ್ಟ್ ಬರೆಯುತ್ತಿರುವುದೇ ಇದರಿಂದ.

ಉಡೊನ್‌ನಿಂದ ಲಾವೋಸ್ ಗಡಿಗೆ ಒಂದು ಗಂಟೆ ದಾರಿ. ನೊಂಗ್ ಖಾಯ್ ಊರು ದಾಟಿದರೆ ಮೆಕಾಂಗ್ ನದಿ, ಅದರ ಮೇಲೆ 1994ರಲ್ಲಿ ಕಟ್ಟಿದ ಸೇತುವೆ, ಆಚೆ ದಡದ ರಾಜಧಾನಿ ವಿಯೆಂಟಿಯಾನ್. ಮೊದಲ ಟರ್ಮ್ ಮುಗಿದ ಮರುದಿನವೇ ಬ್ಯಾಗ್ ಹೊತ್ತು ಹೊರಟೆ. ಇಮಿಗ್ರೇಶನ್ ಕೌಂಟರ್‌ನಲ್ಲಿದ್ದವರು ಪಾಸ್‌ಪೋರ್ಟಿನ ಹಾಳೆ ತಿರುಗಿಸಿ "ರೀ-ಎಂಟ್ರಿ?" ಅಂದರು. ನಾನು ನಕ್ಕು "ಎಸ್, ಐ ವಿಲ್ ಕಮ್ ಬ್ಯಾಕ್" ಅಂದೆ. ಅವರು ಮತ್ತೆ ಹಾಳೆ ತಿರುಗಿಸಿದರು. "ರೀ-ಎಂಟ್ರಿ?" ಹಿಂದೆ ಸಾಲು ಬೆಳೆಯುತ್ತಿತ್ತು, ಹಿಂದಿದ್ದವರ ಸೂಟ್‌ಕೇಸ್ ನನ್ನ ಹಿಮ್ಮಡಿಗೆ ತಾಗುತ್ತಿತ್ತು. ನಾನು ಮತ್ತೆ ನಕ್ಕೆ. ಅವರು ನಿಟ್ಟುಸಿರು ಬಿಟ್ಟು ಸ್ಟಾಂಪ್ ಒತ್ತಿದರು.

ಆ ಸ್ಟಾಂಪಿನ ಜೊತೆಗೇ ನನ್ನ ಒಂದು ವರ್ಷದ ಪರ್ಮಿಟ್ ಸತ್ತು ಹೋಯಿತು. ರೀ-ಎಂಟ್ರಿ ಪರ್ಮಿಟ್ ಅಂತ ಒಂದಿದೆ. ಒಂದು ಸಲಕ್ಕಾದರೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಅದಿಲ್ಲದೆ ದೇಶ ಬಿಟ್ಟರೆ ಕೆಲಸಕ್ಕೆಂದು ಕೊಟ್ಟ ವಾಸದ ಅನುಮತಿ ಅಲ್ಲಿಗೇ ಮುಗಿಯಿತು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು, ತಡವಾದರೆ 2,000 ಬಾತ್ ದಂಡ ಅನ್ನುವುದೆಲ್ಲ ನನಗೆ ಬಾಯಿಪಾಠ ಆಗಿತ್ತು. ಇದೊಂದು ಮಾತ್ರ ಗೊತ್ತಿರಲಿಲ್ಲ. ಯಾರನ್ನೂ ಬೈಯುವಂತಿಲ್ಲ, ಓದಿಕೊಳ್ಳಬೇಕಾದವಳು ನಾನೇ. ಲುವಾಂಗ್ ಪ್ರಬಾಂಗ್ ಟಿಕೆಟ್ ರದ್ದು ಮಾಡಿ, ವಿಯೆಂಟಿಯಾನ್‌ನ ಅಗ್ಗದ ರೂಮಿನಲ್ಲಿ ಕೂತು, ಶಾಲೆಯಿಂದ ಒಂದೊಂದೇ ಕಾಗದ ತರಿಸಿ, ಥಾಯ್ ರಾಯಭಾರ ಕಚೇರಿಯಲ್ಲಿ ಮೊದಲಿಂದ ವೀಸಾ ಮಾಡಿಸಿದೆ. ಸೂರ್ಯಾಸ್ತ ನೋಡಲು ದಿನಾ ನದಿ ದಡಕ್ಕೆ ಹೋಗುತ್ತಿದ್ದೆ. ಎದುರಿಗೆ ಕಾಣುತ್ತಿದ್ದದ್ದು ಥಾಯ್ಲೆಂಡ್. ಅದರ ಫೋಟೋಗೆ ನೀವು 214 ಲೈಕ್ ಕೊಟ್ಟಿದ್ದೀರಿ, ಥ್ಯಾಂಕ್ಸ್.

ಶಾಲೆಗೆ ವಾಪಸ್ ಬಂದಾಗ ಟರ್ಮ್ ಶುರುವಾಗಿ ಆರು ದಿನ ಆಗಿತ್ತು. ನನ್ನದು ಮತ್ತಯೋಮ್ ಒಂದು, ಅಂದರೆ ಹನ್ನೆರಡು ಹದಿಮೂರರ ಮಕ್ಕಳು. ಕ್ಲಾಸಿಗೆ ಕಾಲಿಟ್ಟೆ. ಗಲಾಟೆ ನಿಂತಿತು. ಯಾರೂ "ಗುಡ್ ಮಾರ್ನಿಂಗ್ ಟೀಚಾ" ಅನ್ನಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಇತ್ತು. ಅದರಲ್ಲಿ ಇಂಗ್ಲಿಷ್ ಎದುರಿಗಿದ್ದ ನನ್ನ ಹೆಸರಿಗೆ ವೈಟ್ನರ್ ಹಚ್ಚಿದ್ದರು. ಹತ್ತಿರ ಹೋಗಿ ಮುಟ್ಟಿದೆ. ಉಳಿದ ಹಾಳೆ ನುಣ್ಣಗಿದೆ, ಆ ಚೌಕದಲ್ಲಿ ಮಾತ್ರ ಬೆರಳಿಗೆ ದಪ್ಪ ತಾಗುತ್ತದೆ. ಸುಣ್ಣದ ಗೋಡೆಯ ಚಕ್ಕೆಯ ಹಾಗೆ. ನನ್ನ ಹೆಸರಿನ ಪದರದ ಅಡಿಗೆ ಇನ್ನೊಂದು ಹೆಸರು, ಅದರ ಅಡಿಗೆ ಮತ್ತೊಂದು. ಆ ಹಾಳೆ ಹಳೆಯ ವರ್ಷದ್ದೇ, ಪೀರಿಯಡ್ ಬದಲಾಗಿರಲಿಲ್ಲ, ಟೀಚರ್‌ಗಳು ಬದಲಾಗಿದ್ದರು.

ಕ್ಲಾಸ್ ಲೀಡರ್ ಹುಡುಗಿ ಎದ್ದು ಬಂದಳು. ಕ್ಷಮೆ ಕೇಳಲಿಲ್ಲ, ನಾಚಿಕೊಳ್ಳಲೂ ಇಲ್ಲ. "ಟೀಚಾ ಹೋದರು ಅಂದುಕೊಂಡೆವು," ಅಂದಳು. ಆಮೇಲೆ ಬಸ್ಸಿನ ಟೈಮ್ ಕೇಳಿದ ಹಾಗೆ ಕೇಳಿದಳು, "ಟೀಚಾ, ನೀವು ಯಾವಾಗ ಹೋಗೋದು?"

ಅವಳ ಪಾಲಿಗೆ ಅದು ಸಾದಾ ಪ್ರಶ್ನೆ ಅಂತ ನನಗೆ ಅರ್ಥವಾಗಿದ್ದು ಮುಂದಿನ ಏಪ್ರಿಲ್‌ನಲ್ಲಿ.

ಏಪ್ರಿಲ್ 13ರಿಂದ 15 ಇಲ್ಲಿ ಸೊಂಗ್‌ಕ್ರಾನ್, ನಮ್ಮ ಸಂಕ್ರಾಂತಿಯದೇ ಪದ. ನೀರೆರಚುವ ಫೋಟೋ ಎಲ್ಲರೂ ನೋಡಿರುತ್ತೀರಿ. ನಾನು ದಕ್ಷಿಣದ ಕಡಲಿಗೆ ಹೋಗೋಣ ಅಂತ 11ರ ರಾತ್ರಿ ಬ್ಯಾಂಕಾಕ್ ಬಸ್ ಹತ್ತಿದೆ. ಬಸ್ಸಿನಲ್ಲಿ ಒಂಬತ್ತು ಜನ ಇದ್ದೆವು, ಕಾಲು ಚಾಚಿ ಮಲಗುವಷ್ಟು ಖಾಲಿ. ಮಿತ್ರಫಾಪ್ ಹೆದ್ದಾರಿ ಅಂತಾರೆ, ಮಿತ್ರಭಾವ. ಬ್ಯಾಂಕಾಕ್ ಕಡೆಯಿಂದ ಈಸಾನ್‌ಗೆ ಬರುವ ಮುಖ್ಯ ರಸ್ತೆ ಅದು. ನಡುರಾತ್ರಿ ಎಚ್ಚರವಾಗಿ ಕಿಟಕಿಯಿಂದ ನೋಡಿದರೆ ಎದುರಿನ ಲೇನ್‌ನಲ್ಲಿ ಹೆಡ್‌ಲೈಟ್‌ಗಳ ಸಾಲು, ಕಣ್ಣು ಹೋದಷ್ಟು ದೂರ. ಪಿಕಪ್ ಗಾಡಿಗಳ ಹಿಂದೆ ಜನ, ಜನರ ಮೇಲೆ ಟಾರ್ಪಾಲಿನ್, ಫ್ಯಾನು, ಮಕ್ಕಳ ಸೈಕಲ್ಲು. ಅರ್ಧ ಗಂಟೆ ನೋಡಿದೆ, ಸಾಲು ಮುಗಿಯಲಿಲ್ಲ.

ಅವರು ನನ್ನ ಮಕ್ಕಳ ಅಪ್ಪ ಅಮ್ಮಂದಿರು. ಇಲ್ಲಿ ಎಷ್ಟೋ ಮಕ್ಕಳು ಬೆಳೆಯುವುದು ಅಜ್ಜಿ ತಾತನ ಹತ್ತಿರ. ಅಪ್ಪ ಬ್ಯಾಂಕಾಕ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಅಮ್ಮ ಯಾವುದೋ ಫ್ಯಾಕ್ಟರಿಯಲ್ಲಿ. ಬರುವುದು ಹೊಸ ವರ್ಷಕ್ಕೊಮ್ಮೆ, ಸೊಂಗ್‌ಕ್ರಾನ್‌ಗೊಮ್ಮೆ. ಬಂದು ದೊಡ್ಡವರ ಕೈಗೆ ನೀರು ಹೊಯ್ದು ಆಶೀರ್ವಾದ ತಗೊಂಡು, ನಾಲ್ಕು ದಿನಕ್ಕೆ ಮತ್ತೆ ಅದೇ ರಸ್ತೆ. ದೊಡ್ಡವರು ಬಂದಾಗಲೇ "ಯಾವಾಗ ಹೋಗೋದು" ಅಂತ ಕೇಳಿ ಅಭ್ಯಾಸವಾದ ಮಕ್ಕಳಿವು. ಕೇಳಿ ಇಟ್ಟುಕೊಂಡರೆ ಆಮೇಲೆ ಅಷ್ಟು ಕಷ್ಟವಾಗುವುದಿಲ್ಲವೋ ಏನೋ. ಅಂಥವರ ಎದುರಿಗೆ, ಟರ್ಮಿಗೊಬ್ಬರಂತೆ, ಬ್ಯಾಕ್‌ಪ್ಯಾಕ್ ಹೊತ್ತ ನಾವು ಬಂದು ನಿಲ್ಲುತ್ತೇವೆ. ಹಲೋ, ಮೈ ನೇಮ್ ಈಸ್, ಐ ಲವ್ ಟ್ರಾವೆಲಿಂಗ್.

ಕಡಲು ನೋಡಿದೆ. ಚೆನ್ನಾಗಿತ್ತು. ಸುಳ್ಳು ಹೇಳಲ್ಲ.

ಇದಕ್ಕೆ ನನ್ನದೇ ಸ್ನೇಹಿತನೊಬ್ಬನ ವಾದವಿದೆ. ಟರ್ಮ್ ಮಧ್ಯೆ ಕೆಲಸ ಬಿಟ್ಟು ಬಾಲಿಗೆ ಹೋದವನು. "ನಾವು ಬರದಿದ್ದರೆ ಆ ಮಕ್ಕಳಿಗೆ ವಿದೇಶಿ ಟೀಚರೇ ಸಿಗುತ್ತಿರಲಿಲ್ಲ, ನಾಲ್ಕು ತಿಂಗಳಾದರೂ ಸಿಕ್ಕಿತಲ್ಲ" ಅಂತಾನೆ. ಅವನು ಹೋದ ಮೇಲೆ ಆ ಪೀರಿಯಡ್ಡುಗಳನ್ನು ಯಾರು ತಗೊಂಡರು ಗೊತ್ತಾ? ಹತ್ತೊಂಬತ್ತು ವರ್ಷದಿಂದ ಅದೇ ಶಾಲೆಯಲ್ಲಿರುವ ಥಾಯ್ ಟೀಚರ್. ನಾನು ಅವರನ್ನು 'ಪೀ' ಅಂತ ಕರೆಯುತ್ತೇನೆ, ಅಕ್ಕ ಅಂದ ಹಾಗೆ. ಅವರ ಪಾಲಿನ ಪೀರಿಯಡ್ಡುಗಳ ಮೇಲೆ ಇವನದೂ ಸೇರಿತು. ಒಂದು ಮಾತೂ ಆಡಲಿಲ್ಲ. ಅವನ ಬೀಳ್ಕೊಡುಗೆಗೆ ಕೇಕ್ ತಂದವರೂ ಅವರೇ. ಈ ಪುಣ್ಯಾತ್ಮ ಕೇಕ್ ಜೊತೆ ಸೆಲ್ಫಿ ಹಾಕಿ 'ಬದುಕು ಬದಲಿಸಿದ ಮಕ್ಕಳು' ಅಂತ ಬರೆದ. ಯಾರ ಬದುಕು ಮಾರಾಯ?

ಹಾಗಾದರೆ ತಿರುಗಾಡಲೇ ಬಾರದಾ? ತಿರುಗಾಡಿ. ನಾನೇನು ಬಿಟ್ಟಿದ್ದೇನಾ? ಎರಡನೇ ಅಕ್ಟೋಬರ್‌ನಲ್ಲಿ 3,800 ಕಟ್ಟಿ, ಸ್ಟಾಂಪ್ ಇರುವ ಹಾಳೆಗೆ ಹಳದಿ ಚೀಟಿ ಅಂಟಿಸಿಕೊಂಡು ಮತ್ತೆ ಅದೇ ಸೇತುವೆ ದಾಟಿದೆ. ವಿಯೆಂಟಿಯಾನ್‌ನಿಂದ 2021ರ ಕೊನೆಗೆ ಶುರುವಾದ ಚೀನಾ-ಲಾವೋಸ್ ರೈಲಿನಲ್ಲಿ ಎರಡು ಗಂಟೆಗೆ ಲುವಾಂಗ್ ಪ್ರಬಾಂಗ್. ಆದರೆ ಆ ಸಲ ಒಂದು ವಿಷಯ ಬೇರೆಯಾಗಿತ್ತು. ನನ್ನ ಮಕ್ಕಳು ಮನೆಯಲ್ಲಿ ಆಡುವುದು ಈಸಾನ್ ಮಾತು, ಅದು ಲಾವೋ ಭಾಷೆಗೆ ತೀರಾ ಹತ್ತಿರ. ಕ್ಲಾಸಿನಲ್ಲಿ ಪಿಸುಗುಟ್ಟುವುದು ಅದರಲ್ಲೇ. ಕೇಳಿ ಕೇಳಿ ನನಗೂ ಹತ್ತಿತ್ತು. ಮಾರ್ಕೆಟ್‌ನಲ್ಲಿ ಒಬ್ಬ ಅಜ್ಜಿ ಚಿಲ್ಲರೆ ಇಲ್ಲ ಅಂತ ಪರದಾಡುತ್ತಿದ್ದರು. ನನ್ನ ಬಾಯಿಂದ ತಾನಾಗಿ "ಬೊ ಪೆನ್ ಯಾಂಗ್" ಅಂತ ಬಂತು, ಪರವಾಗಿಲ್ಲ ಬಿಡಿ ಅಂತ. ಬ್ಯಾಂಕಾಕ್ ಥಾಯ್‌ನಲ್ಲಾದರೆ ಅದು "ಮಾಯ್ ಪೆನ್ ರಾಯ್". ಅಜ್ಜಿ ತಲೆ ಎತ್ತಿ ನೋಡಿ, ಎಲ್ಲಿ ಕಲಿತೆ ಅಂದರು. "ಶಾಲೆಯಲ್ಲಿ" ಅಂದೆ. ನಾನು ಓದುತ್ತಿದ್ದೇನೆ ಅಂದುಕೊಂಡರು, ತಿದ್ದಲು ಹೋಗಲಿಲ್ಲ.

ಕೆಲಸ ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ಏಷ್ಯಾ ಸುತ್ತಬೇಕು ಅಂತಿದ್ದರೆ ದುಡ್ಡು ಕೂಡಿಸಿ, ಆರು ತಿಂಗಳು ಸುತ್ತಿ, ಯಾರ ಹಂಗೂ ಇಲ್ಲ. ಪಾಠ ಮಾಡಲು ಬರುವುದಾದರೆ ಎರಡು ವರ್ಷಕ್ಕೆ ಬನ್ನಿ, ಅದಕ್ಕಿಂತ ಕಡಿಮೆಗೆ ಬೇಡ. ಲೈಸೆನ್ಸ್ ಇಲ್ಲದವರಿಗೆ ಗುರುಸಭಾ ಕೊಡುವ ತಾತ್ಕಾಲಿಕ ಅನುಮತಿಯೂ ಎರಡು ವರ್ಷದ್ದೇ ಇದೆ. ಹನ್ನೆರಡು ತಿಂಗಳ ಕಾಂಟ್ರಾಕ್ಟ್ ಕೇಳಿ, ಕೊಡದಿದ್ದರೆ ಜಗಳ ಮಾಡಿ. ಇಲ್ಲವಾದರೆ ಇನ್ನೊಂದು ಶಾಲೆ ನೋಡಿ, ಆದರೆ ಮಾರ್ಚ್‌ನಲ್ಲಿ ನೋಡಿ, ಆಗಸ್ಟ್‌ನಲ್ಲಿ ಅಲ್ಲ.

ಮತ್ತೆ ಜೂನ್ ತಿಂಗಳು ತಪ್ಪಿಸಿಕೊಳ್ಳಬೇಡಿ. ಗುರುಪೂಜೆ ದಿನ ಇರುತ್ತದೆ, ವಾಯ್ ಕ್ರೂ ಅಂತ, ಸಾಮಾನ್ಯವಾಗಿ ಗುರುವಾರ. ಮಕ್ಕಳು ಬಾಳೆ ಎಲೆಯಲ್ಲಿ ಹೂವಿನ ಗೋಪುರ ಕಟ್ಟಿ ಮೊಣಕಾಲಲ್ಲಿ ನಡೆದು ಬಂದು ಕೊಡುತ್ತಾರೆ. ಅದರಲ್ಲಿ ಗರಿಕೆ ಇರುತ್ತದೆ, ಕೇಪಳದ ಹೂ ಇರುತ್ತದೆ, ಬದನೆ ಹೂವೂ ಇರುತ್ತದೆ. ಬದನೆ ಹೂ ಯಾಕೆ ಅಂದರೆ ಅದು ತಲೆ ತಗ್ಗಿಸಿಯೇ ಕಾಯಿ ಕಟ್ಟುತ್ತದೆ, ಹಾಗಾಗಿ ವಿನಯಕ್ಕೆ. ಮೊದಲ ವರ್ಷ ನನಗೆ ಕೊಟ್ಟಾಗ ಬಂದು ಒಂದೇ ತಿಂಗಳಾಗಿತ್ತು. ತಗೊಳ್ಳಲು ಕೈ ಮುಂದೆ ಬರಲಿಲ್ಲ, ಇನ್ನೂ ಏನೂ ಕಲಿಸಿಯೇ ಇರಲಿಲ್ಲವಲ್ಲ.

ಮೇ 16ಕ್ಕೆ ಮೂರನೇ ವರ್ಷ ಶುರುವಾಯಿತು. ಅದೇ ಮಕ್ಕಳು ಈಗ ಮತ್ತಯೋಮ್ ಮೂರು, ಹುಡುಗರ ಗಂಟಲು ಒಡೆದಿದೆ. ಟೈಮ್‌ಟೇಬಲ್‌ಗೆ ಈ ಸಲ ಹೊಸ ಹಾಳೆ ಬಂದಿದೆ. ಲೀಡರ್ ಈಗಲೂ ಅದೇ ಹುಡುಗಿ. ಎಲ್ಲ ಟೀಚರ್‌ಗಳ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆದಿದ್ದಾಳೆ, ನನ್ನದು ಮಾತ್ರ ಪೆನ್ಸಿಲ್‌ನಲ್ಲಿದೆ. ಯಾಕೆ ಅಂತ ಕೇಳಿದರೆ "ವೈಟ್ನರ್ ಖಾಲಿ ಟೀಚಾ" ಅಂತ ಹಲ್ಲು ಕಿರಿಯುತ್ತಾಳೆ. ನಾನೇ ಪೆನ್ನು ತಗೊಂಡು ತಿದ್ದಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಆದರೆ ಏಜೆಂಟ್ ಇನ್ನೂ ಈ ವರ್ಷದ ಕಾಂಟ್ರಾಕ್ಟ್ ಕಳಿಸಿಲ್ಲ.